ದಂಡ, ಪರಿಹಾರ ಮತ್ತು ವಿಚಾರಣೆ: ದಕ್ಷಿಣ ಬೆಂಗಳೂರಿನ ಕಾರ್ಮಿಕ ನ್ಯಾಯದ ಒಂದು ಚರಿತ್ರೆ

ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿಟಿಎಂ ಬಡಾವಣೆಗಳು ಇಂದು ಮಧ್ಯಮ ವರ್ಗದ ವಸತಿ ಪ್ರದೇಶಗಳೆಂದೇ ಹೆಸರಾಗಿದ್ದರೂ, ಅವುಗಳ ಬೆಳವಣಿಗೆಯಲ್ಲಿ ಕಾರ್ಖಾನೆಯ ಸಂಬಳಕ್ಕೆ ದೊಡ್ಡ ಪಾಲಿದೆ. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರು ಅಡಿಗಲ್ಲು ಹಾಕಿದ ಜಯನಗರದ ಪೂರ್ವಕ್ಕೆ, ಆಡುಗೋಡಿಯಲ್ಲಿ, ಕೆಲವೇ ವರ್ಷಗಳಲ್ಲಿ ಮೈಕೋ ಕಾರ್ಖಾನೆ ತಲೆಯೆತ್ತಿತು. ಬಿಟಿಎಂ ಎರಡನೇ ಹಂತದ ಮೈಕೋ ಲೇಔಟ್, ಬನಶಂಕರಿ ಮೂರನೇ ಹಂತದ ಐಟಿಐ ಲೇಔಟ್ ಎಂಬ ಹೆಸರುಗಳು ಆ ಕಾಲದ ನೌಕರರ ನೆನಪನ್ನು ಇಂದಿಗೂ ಉಳಿಸಿಕೊಂಡಿವೆ. ಜೆ.ಪಿ. ನಗರದ ಸಾರಕ್ಕಿ ಕೈಗಾರಿಕಾ ಬಡಾವಣೆಯಲ್ಲಿ ಸಣ್ಣ ಕಾರ್ಖಾನೆಗಳು ಮನೆಗಳ ಮಗ್ಗುಲಲ್ಲೇ ನಡೆದುಕೊಂಡು ಬಂದವು. ರಾಜ್ಯದ ಕಾರ್ಮಿಕ ಇಲಾಖೆಯ ಕೇಂದ್ರ ಕಚೇರಿಯಾದ ಕಾರ್ಮಿಕ ಭವನವೂ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಚೇರಿಯೂ ಇದೇ ಭಾಗದಲ್ಲಿ, ಬನ್ನೇರುಘಟ್ಟ ರಸ್ತೆಯ ಡೇರಿ ವೃತ್ತದ ಬಳಿ ಕೈಗಾರಿಕಾ ತರಬೇತಿ ಸಂಸ್ಥೆಯ (ಐಟಿಐ) ಆವರಣದಲ್ಲಿ ನೆಲೆಗೊಂಡಿವೆ.

ಕಾರ್ಮಿಕನು ಸರಕಾರದ ಅಥವಾ ನ್ಯಾಯಾಲಯದ ಬಾಗಿಲಿಗೆ ತರುವ ದೂರುಗಳಲ್ಲಿ ಎರಡು ಬಗೆಯವು ಮುಖ್ಯ: ಒಂದು, ಕೆಲಸ ಮಾಡುವಾಗ ದೇಹಕ್ಕಾದ ಗಾಯ, ಇನ್ನೊಂದು, ಶಿಸ್ತಿನ ಹೆಸರಿನಲ್ಲಿ ಕೆಲಸಕ್ಕೇ ಬಂದ ಕುತ್ತು. ಮೊದಲನೆಯದರಲ್ಲಿ ತಪ್ಪು ಯಾರದು ಎಂಬ ಪ್ರಶ್ನೆಯನ್ನು ಕಾನೂನು ಬಹುಮಟ್ಟಿಗೆ ಬದಿಗಿಡುತ್ತದೆ. ಎರಡನೆಯದರಲ್ಲಿ ತಪ್ಪು ಯಾರದು, ಅದನ್ನು ಯಾರು, ಯಾರ ಎದುರಿನಲ್ಲಿ, ಹೇಗೆ ಸ್ಥಾಪಿಸಿದರು ಎಂಬುದೇ ಎಲ್ಲವೂ ಆಗುತ್ತದೆ. ಕಾನೂನಿನ ಪುಸ್ತಕಗಳಲ್ಲಿ ಇವೆರಡು ಬೇರೆ ಬೇರೆ ಅಧ್ಯಾಯಗಳಲ್ಲಿ ಬಂದರೂ ಕಾರ್ಮಿಕನ ಬದುಕಿನಲ್ಲಿ ಇವು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ, ಒಂದರ ಚರಿತ್ರೆಯನ್ನು ಬಿಟ್ಟು ಇನ್ನೊಂದರದನ್ನು ಹೇಳುವುದು ಅಪೂರ್ಣವಾಗುತ್ತದೆ.

ಪರಿಹಾರದ ಕಾನೂನು ಬರುವ ಮೊದಲು, ಯಂತ್ರಕ್ಕೆ ಕೈ ಕೊಟ್ಟ ಕೆಲಸಗಾರನು ಮಾಲೀಕನ ಅಜಾಗರೂಕತೆಯನ್ನು ತಾನೇ ಸಾಬೀತುಪಡಿಸಬೇಕಿತ್ತು; ಜೊತೆಗಾರನ ತಪ್ಪಿನಿಂದ ಅಪಘಾತವಾಗಿದ್ದರೆ ಮಾಲೀಕನಿಗೆ ಹೊಣೆಯೇ ಇಲ್ಲವೆಂಬ ವಾದವೂ ಇಂಗ್ಲಿಷ್ ನ್ಯಾಯಪದ್ಧತಿಯಲ್ಲಿ ಚಲಾವಣೆಯಲ್ಲಿತ್ತು. 1884ರಲ್ಲಿ ಜರ್ಮನಿ, 1897ರಲ್ಲಿ ಬ್ರಿಟನ್ ಈ ಕ್ರಮದಿಂದ ಹೊರಬಂದವು. ಬ್ರಿಟಿಷ್ ಇಂಡಿಯಾದಲ್ಲಿ 1923ರಲ್ಲಿ ಅಂಗೀಕಾರವಾಗಿ 1924ರ ಜುಲೈ 1ರಿಂದ ಜಾರಿಗೆ ಬಂದ ಕಾರ್ಮಿಕರ ಪರಿಹಾರ ಕಾಯ್ದೆಯು, ಉದ್ಯೋಗದ ಕಾರಣದಿಂದ ಮತ್ತು ಉದ್ಯೋಗದ ಅವಧಿಯಲ್ಲಿ ಸಂಭವಿಸಿದ ಅಪಘಾತಕ್ಕೆ ಮಾಲೀಕನೇ ಹೊಣೆ ಎಂಬ ಸೂತ್ರವನ್ನು ತಂದಿತು. ದೇಶೀಯ ಸಂಸ್ಥಾನವಾಗಿದ್ದ ಮೈಸೂರಿಗೆ ಬ್ರಿಟಿಷ್ ಇಂಡಿಯಾದ ಕಾಯ್ದೆಗಳು ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. ಆದರೂ ಗಾಯವೆಂದರೆ ಏನು ಎಂಬ ತಿಳಿವಳಿಕೆಯನ್ನು ವಿಸ್ತರಿಸಿದ್ದರಲ್ಲಿ ಈ ಸಂಸ್ಥಾನದ ನೆಲಕ್ಕೆ ಸ್ಥಾನವಿದೆ. ಕಲ್ಲಿನ ಧೂಳು ಶ್ವಾಸಕೋಶವನ್ನು ಗಟ್ಟಿಯಾಗಿಸುವ ಸಿಲಿಕೋಸಿಸ್ ಎಂಬ ರೋಗವು ಭಾರತದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ. 1940ರ ದಶಕದಲ್ಲಿ ಅಲ್ಲಿ 7,653 ಕೆಲಸಗಾರರನ್ನು ಪರೀಕ್ಷಿಸಿದಾಗ ಶೇಕಡ 43.7ರಷ್ಟು ಮಂದಿಯಲ್ಲಿ ಈ ರೋಗ ಕಂಡುಬಂದಿತು. ಒಂದು ಕ್ಷಣದಲ್ಲಿ ಆಗುವ ಅಪಘಾತ ಮಾತ್ರವಲ್ಲ, ಇಪ್ಪತ್ತು ವರ್ಷ ಉಸಿರಿನೊಡನೆ ಒಳಸೇರಿದ ಧೂಳೂ ಮಾಲೀಕನ ಲೆಕ್ಕಕ್ಕೆ ಸೇರಬೇಕೆಂಬ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿರಲಿಲ್ಲ.

2009ರ ತಿದ್ದುಪಡಿಯಿಂದ ನೌಕರರ ಪರಿಹಾರ ಕಾಯ್ದೆ ಎಂಬ ಹೆಸರು ಪಡೆದ ಆ ಕಾನೂನು ಕೆಲಸ ಮಾಡುತ್ತಿದ್ದ ರೀತಿಯನ್ನು ಒಂದು ಉದಾಹರಣೆಯಿಂದ ನೋಡಬಹುದು. ಮೂವತ್ತು ವರ್ಷದ ಪ್ರೆಸ್ ಆಪರೇಟರ್ ಒಬ್ಬನ ಹೆಬ್ಬೆರಳು ಅಚ್ಚಿನಡಿ ಸಿಕ್ಕಿ ತುಂಡಾಗಿದೆ, ಅವನ ತಿಂಗಳ ಸಂಬಳ 15,000 ರೂಪಾಯಿ ಎಂದಿಟ್ಟುಕೊಂಡರೆ, ಸಂಬಳದ ಶೇಕಡ 60 ಅಂದರೆ 9,000 ರೂಪಾಯಿಯನ್ನು ಅವನ ವಯಸ್ಸಿಗೆ ಅನುಸೂಚಿಯಲ್ಲಿ ಕೊಟ್ಟಿರುವ 207.98 ಎಂಬ ಅಂಕಿಯಿಂದ ಗುಣಿಸಬೇಕು. ಬರುವ 18,71,820 ರೂಪಾಯಿ ಪೂರ್ಣ ಶಾಶ್ವತ ಅಂಗವೈಕಲ್ಯದ ಪರಿಹಾರ. ಹೆಬ್ಬೆರಳಿನ ನಷ್ಟವನ್ನು ಅನುಸೂಚಿಯು ದುಡಿಯುವ ಶಕ್ತಿಯ ಶೇಕಡ 30ರ ನಷ್ಟವೆಂದು ಎಣಿಸುವುದರಿಂದ ಅವನಿಗೆ ಸಲ್ಲುವುದು 5,61,546 ರೂಪಾಯಿ. 2020ರಿಂದ ಸಂಬಳದ ಮಿತಿಯನ್ನು 15,000 ರೂಪಾಯಿಗೆ ನಿಗದಿ ಮಾಡಿದ್ದರಿಂದ, ಇಪ್ಪತ್ತೈದು ಸಾವಿರ ಪಡೆಯುತ್ತಿದ್ದವನ ಲೆಕ್ಕವೂ ಇದೇ ಆಗಿತ್ತು. ಬೆಂಗಳೂರಿನ ಮನೆ ಬಾಡಿಗೆಯ ಎದುರಿನಲ್ಲಿ ಈ ಮಿತಿ ಅನ್ಯಾಯವೇ ಸರಿ.

ಅನುಸೂಚಿಯ ಅಂಕಿಗಳನ್ನು ಕುರುಡಾಗಿ ಅನುಸರಿಸಬೇಕಿಲ್ಲವೆಂದು ಸುಪ್ರೀಂ ಕೋರ್ಟು ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಹೇಳಿತು. ಎಡತೋಳನ್ನು ಮೊಣಕೈಯ ಮೇಲಕ್ಕೆ ಕಳೆದುಕೊಂಡ ಬಡಗಿಯೊಬ್ಬನ ನಷ್ಟವನ್ನು ಅದು ಪೂರ್ಣ ನಷ್ಟವೆಂದು ಒಪ್ಪಿಕೊಂಡಿತು, ಏಕೆಂದರೆ ಒಂದೇ ಕೈಯಿಂದ ಬಡಗಿತನ ಸಾಗದು. ಪರಿಹಾರವು ಅಪಘಾತವಾದ ದಿನವೇ ಸಲ್ಲತಕ್ಕದ್ದು, ಪರಿಹಾರವನ್ನು ನಿರ್ಧರಿಸುವ ಆಯುಕ್ತರ ಆದೇಶದ ದಿನದಿಂದಲ್ಲ ಎಂಬುದೂ ಆ ತೀರ್ಪಿನ ಭಾಗ. ಕಳೆದುಹೋದ ಶಕ್ತಿಯನ್ನು ಅಳೆಯುವ ಕೆಲಸ ವೈದ್ಯರದು. ಜಯನಗರದ ಪೂರ್ವದಲ್ಲಿ, ಬೈರಸಂದ್ರದಲ್ಲಿರುವ ಸಂಜಯ್ ಗಾಂಧಿ ಅಪಘಾತ ಚಿಕಿತ್ಸಾ ಮತ್ತು ಮೂಳೆರೋಗ ಸಂಸ್ಥೆಯಂಥ ಆಸ್ಪತ್ರೆಯ ಕಾಗದದಲ್ಲಿ ಬರೆದ ಶೇಕಡಾವಾರು ಅಂಕಿಯು ಒಂದು ಕುಟುಂಬದ ಮುಂದಿನ ಹತ್ತಾರು ವರ್ಷಗಳನ್ನು ನಿರ್ಧರಿಸುತ್ತದೆ. 1958ರಲ್ಲಿ ಬೆಂಗಳೂರಿಗೆ ಬಂದ ನೌಕರರ ರಾಜ್ಯ ವಿಮಾ ಯೋಜನೆ, ಅಂದರೆ ಇಎಸ್‌ಐ, ಅದರ ವ್ಯಾಪ್ತಿಗೆ ಸೇರಿದವರ ಮಟ್ಟಿಗೆ ಪರಿಹಾರದ ಹೊಣೆಯನ್ನು ಮಾಲೀಕನಿಂದ ವಿಮಾ ನಿಗಮಕ್ಕೆ ವರ್ಗಾಯಿಸಿತು. ಮನೆಯಿಂದ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಆದ ಅಪಘಾತ ಉದ್ಯೋಗದ ಅಪಘಾತವಲ್ಲ ಎಂದು 1996ರಲ್ಲಿ ಸುಪ್ರೀಂ ಕೋರ್ಟು ಇಎಸ್‌ಐ ಪ್ರಕರಣವೊಂದರಲ್ಲಿ ಹೇಳಿದ್ದರಿಂದ ಉಂಟಾದ ಕೊರತೆಯನ್ನು ಸಂಸತ್ತು 2010ರ ತಿದ್ದುಪಡಿಯಿಂದ ತುಂಬಿತು.

ಗಾಯ ಮತ್ತು ಶಿಸ್ತು ಕೂಡುವ ಜಾಗ ಪರಿಹಾರದ ಕಾನೂನಿನ ಒಳಗೇ ಇದೆ. ಕೆಲಸಗಾರ ಕುಡಿದಿದ್ದರೆ, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮೀರಿದ್ದರೆ, ಯಂತ್ರದ ರಕ್ಷಣಾ ಕವಚವನ್ನು ಬೇಕೆಂದೇ ತೆಗೆದಿದ್ದರೆ ಮಾಲೀಕನು ಹೊಣೆಯಿಂದ ಪಾರಾಗಬಹುದು. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಉಂಟಾದಾಗ ಮಾತ್ರ ಈ ವಿನಾಯಿತಿಗಳು ನಿಲ್ಲುವುದಿಲ್ಲ. ಹಾಗಾಗಿ ಬೆರಳು ಕಳೆದುಕೊಂಡವನು ಆಸ್ಪತ್ರೆಯಲ್ಲಿರುವಾಗಲೇ ಅವನ ಹೆಸರಿಗೆ ನಿಯಮೋಲ್ಲಂಘನೆಯ ಮೆಮೊ ಸಿದ್ಧವಾದರೆ, ಆ ಮೆಮೊದ ಮೇಲೆ ನಡೆಯುವ ವಿಚಾರಣೆ ಕೆಲಸವನ್ನಷ್ಟೇ ಅಲ್ಲ, ಪರಿಹಾರವನ್ನೂ ಮುಟ್ಟುತ್ತದೆ. ನ್ಯಾಯವಾದ ವಿಚಾರಣೆಯ ಚರಿತ್ರೆ ಮಹತ್ವ ಪಡೆಯುವುದು ಇಲ್ಲಿಂದ.

ಸ್ವಾತಂತ್ರ್ಯಪೂರ್ವದ ಕಾರ್ಖಾನೆಯಲ್ಲಿ ಶಿಸ್ತು ಎಂದರೆ ಮೇಲ್ವಿಚಾರಕನ ಮಾತು. 1946ರ ಕೈಗಾರಿಕಾ ಉದ್ಯೋಗ (ಸ್ಥಾಯೀ ಆದೇಶಗಳು) ಕಾಯ್ದೆಯು ಯಾವುದು ದುರ್ನಡತೆ, ಯಾವುದಕ್ಕೆ ಯಾವ ಶಿಕ್ಷೆ, ಶಿಕ್ಷೆಗೆ ಮುನ್ನ ಏನೇನು ನಡೆಯಬೇಕು ಎಂಬುದನ್ನು ಬರೆದು, ಸರಕಾರದ ಅಧಿಕಾರಿಯಿಂದ ಪ್ರಮಾಣೀಕರಿಸಿಕೊಂಡು, ಕಾರ್ಖಾನೆಯಲ್ಲಿ ಪ್ರಕಟಿಸಬೇಕೆಂದು ಕಡ್ಡಾಯ ಮಾಡಿತು. ಕೇಂದ್ರ ಕಾಯ್ದೆಯಲ್ಲಿ ನೂರು ಕೆಲಸಗಾರರ ಸಂಸ್ಥೆಗಳಿಗೆ ಅನ್ವಯವಾಗುತ್ತಿದ್ದ ಈ ಕಟ್ಟಳೆಯನ್ನು ಕರ್ನಾಟಕವು ಐವತ್ತು ಜನರಿರುವಲ್ಲಿಗೂ ವಿಸ್ತರಿಸಿತು. ಆರೋಪ ಪಟ್ಟಿ ಲಿಖಿತವಾಗಿರಬೇಕು. ಆರೋಪಿತನಿಗೆ ಉತ್ತರ ಕೊಡಲು ಕಾಲಾವಕಾಶವಿರಬೇಕು. ಸಾಕ್ಷಿಗಳು ಅವನ ಎದುರಿನಲ್ಲೇ ಹೇಳಿಕೆ ಕೊಡಬೇಕು. ಅವನಿಗೆ ಪಾಟಿ ಸವಾಲಿನ ಅವಕಾಶ ಬೇಕು. ದೂರು ಕೊಟ್ಟವನೇ ವಿಚಾರಣಾಧಿಕಾರಿಯಾಗಿ ಕೂರಬಾರದು. ಸಹಜ ನ್ಯಾಯದ ತತ್ವಗಳೆಂದು ಕರೆಯುವ ಈ ಬೇಡಿಕೆಗಳನ್ನು 1963ರ ಮೀನ್‌ಗ್ಲಾಸ್ ಟೀ ಎಸ್ಟೇಟ್ ತೀರ್ಪು ಸ್ಪಷ್ಟ ಮಾತುಗಳಲ್ಲಿ ವಿವರಿಸಿತು. 1971ರಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆಗೆ ಸೇರಿದ 11-ಎ ಕಲಮು, ತಪ್ಪು ಸಾಬೀತಾಗಿದ್ದರೂ ಶಿಕ್ಷೆ ಅತಿಯಾಯಿತೆನಿಸಿದರೆ ಅದನ್ನು ಇಳಿಸುವ ಅಧಿಕಾರವನ್ನು ಕಾರ್ಮಿಕ ನ್ಯಾಯಾಲಯಕ್ಕೆ ಕೊಟ್ಟಿತು.

ಈ ಚರಿತ್ರೆಯಲ್ಲಿ ಬೆಂಗಳೂರಿನ ಹೆಸರನ್ನು ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಗೂ ಪರಿಚಯಿಸಿದ್ದು ಜಲಮಂಡಳಿಯ ಪ್ರಕರಣ. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು 1964ರ ಕಾಯ್ದೆಯ ಮೂಲಕ ಸ್ಥಾಪನೆಯಾಯಿತು. ಕೆಲವು ನೌಕರರು ದುರ್ನಡತೆ ಎಸಗಿದರೆಂದು ಮಂಡಳಿಯು ಅವರಿಗೆ ದಂಡ ವಿಧಿಸಿ ಹಣವನ್ನು ವಸೂಲು ಮಾಡಿತು. ಸಹಜ ನ್ಯಾಯದ ತತ್ವಗಳನ್ನು ಮೀರಿ ಈ ಶಿಕ್ಷೆ ವಿಧಿಸಲಾಗಿದೆ ಎಂದು ದೂರಿದ ನೌಕರರು, ಮಾಲೀಕನಿಂದ ಬರಬೇಕಾದ ಹಣವನ್ನು ಲೆಕ್ಕಹಾಕಿ ಕೊಡಿಸುವಂತೆ ಕೇಳಲು ಅವಕಾಶವಿದ್ದ, ಕೈಗಾರಿಕಾ ವಿವಾದಗಳ ಕಾಯ್ದೆಯ 33-ಸಿ(2) ಕಲಮಿನಡಿ 1972ರಲ್ಲಿ ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಮಂಡಳಿಯ ಉತ್ತರವು ದಂಡದ ಸರಿತಪ್ಪಿನ ಕಡೆಗೆ ಹೋಗಲೇ ಇಲ್ಲ. ನಾಗರಿಕರಿಗೆ ನೀರು ಒದಗಿಸುವುದು ರಾಜಕಾರ್ಯಕ್ಕೆ ಸಮಾನವಾದ ಕೆಲಸ, ಮಂಡಳಿಯು ಉದ್ದಿಮೆಯಲ್ಲ, ಆದ್ದರಿಂದ ಅದರ ನೌಕರರು ಈ ಕಾಯ್ದೆಯಡಿ ಬರುವ ಕಾರ್ಮಿಕರಲ್ಲ ಎಂಬುದು ಅದರ ತಕರಾರು. ಕಾರ್ಮಿಕ ನ್ಯಾಯಾಲಯವೂ ಆ ಬಳಿಕ ರಾಜ್ಯದ ಹೈಕೋರ್ಟೂ ಈ ತಕರಾರನ್ನು ತಳ್ಳಿಹಾಕಿದವು. ಮಂಡಳಿ ಸುಪ್ರೀಂ ಕೋರ್ಟಿಗೆ ಹೋಯಿತು.

ವ್ಯಾಜ್ಯ ಹೈಕೋರ್ಟಿನಲ್ಲಿದ್ದ ಕಾಲಕ್ಕೇ, 1974ರಲ್ಲಿ, ಕಾವೇರಿ ಯೋಜನೆಯ ಮೊದಲ ಹಂತ ಪೂರ್ಣಗೊಂಡು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಪಂಪುಮನೆಗಳಿಂದ ಮೇಲೆತ್ತಿದ ನೀರು ಕನಕಪುರ ರಸ್ತೆಯ ಹಾದಿಯಲ್ಲಿ ನಗರಕ್ಕೆ ಬಂದಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರಿನಷ್ಟು ಎತ್ತರಕ್ಕೆ ನೀರನ್ನು ಏರಿಸುವ ಈ ವ್ಯವಸ್ಥೆ ಇಲ್ಲದಿದ್ದರೆ ದಕ್ಷಿಣದ ಬಡಾವಣೆಗಳು ಈಗಿನಂತೆ ಹಬ್ಬುವುದು ಕಷ್ಟವಿತ್ತು. ಹಗಲಿರುಳು ಪಾಳಿಯಲ್ಲಿ ಪಂಪು ನಡೆಸುವ, ಕವಾಟ ತಿರುಗಿಸುವ, ಚರಂಡಿ ಬಿಡಿಸುವ ಇಷ್ಟು ದೊಡ್ಡ ದುಡಿಮೆಗಾರರ ಸಂಘಟನೆಯನ್ನು ಉದ್ದಿಮೆಯಲ್ಲವೆಂದು ವಾದಿಸಲಾಗುತ್ತಿತ್ತು ಎಂಬುದನ್ನು ಮರೆಯಬಾರದು.

1978ರ ಫೆಬ್ರವರಿ 21ರಂದು ಏಳು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ಮುಖ್ಯ ತೀರ್ಪಿನ ಪ್ರಕಾರ, ವ್ಯವಸ್ಥಿತವಾದ ಚಟುವಟಿಕೆ, ಮಾಲೀಕ ಮತ್ತು ನೌಕರರ ಸಹಕಾರ, ಮನುಷ್ಯರ ಬೇಕುಗಳನ್ನು ಪೂರೈಸುವ ಸರಕು ಅಥವಾ ಸೇವೆಗಳ ಉತ್ಪಾದನೆ ಇಲ್ಲವೆ ವಿತರಣೆ, ಈ ಮೂರೂ ಇರುವಲ್ಲಿ ಉದ್ದಿಮೆ ಇದೆ. ಲಾಭದ ಉದ್ದೇಶ ಇದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ. ಸರಕಾರದ ಸಾರ್ವಭೌಮ ಕಾರ್ಯಗಳಷ್ಟೇ ಹೊರಗುಳಿಯುತ್ತವೆ. ಇದರಿಂದಾಗಿ ಆಸ್ಪತ್ರೆಗಳು, ಶಿಕ್ಷಣ ಸಂಸ್ಥೆಗಳು, ಕ್ಲಬ್ಬುಗಳು, ಸಂಶೋಧನಾ ಸಂಸ್ಥೆಗಳು ಕಾರ್ಮಿಕ ನ್ಯಾಯಾಲಯದ ವ್ಯಾಪ್ತಿಗೆ ಬಂದವು. ಈ ವ್ಯಾಖ್ಯಾನವನ್ನು ಕಿರಿದುಗೊಳಿಸಲು 1982ರಲ್ಲಿ ಮಾಡಿದ ತಿದ್ದುಪಡಿಯ ಆ ಭಾಗವನ್ನು ಸರಕಾರಗಳು ದಶಕಗಳ ಕಾಲ ಜಾರಿಗೆ ತರಲಿಲ್ಲ. 2017ರಲ್ಲಿ ಈ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು.

ಆದರೆ ಕಾನೂನಿನ ಚರ್ಚೆಗಳಲ್ಲಿ ಈ ತೀರ್ಪು ವ್ಯಾಖ್ಯಾನದ ತೀರ್ಪಾಗಿಯೇ ಉಳಿದು, ಅದರ ಮೂಲದಲ್ಲಿದ್ದ ದೂರು ಅಡಿಟಿಪ್ಪಣಿಯಾಗಿ ಸರಿದುಹೋದದ್ದು ವಿಷಾದದ ಸಂಗತಿ. ದೂರು ಕೊಟ್ಟವರು ಕೇಳಿದ್ದು ಉದ್ದಿಮೆಯ ಅರ್ಥವನ್ನಲ್ಲ. ತಮ್ಮ ಮಾತನ್ನು ಸರಿಯಾಗಿ ಕೇಳದೆ ತಮ್ಮ ಸಂಬಳಕ್ಕೆ ಕೈ ಹಾಕಬಹುದೇ ಎಂಬುದನ್ನು. ಅವರಿಗಾದ ಶಿಕ್ಷೆ ವಜಾ ಅಲ್ಲ, ದಂಡ. ವಜಾ ಆದವನಿಗೆ ಹೋರಾಡದೆ ದಾರಿಯಿಲ್ಲ. ದಂಡ ತೆತ್ತವನು ಸಾಮಾನ್ಯವಾಗಿ ಮೇಲಧಿಕಾರಿಯ ಹಗೆ ಕಟ್ಟಿಕೊಳ್ಳುವುದೇಕೆಂದು ಸುಮ್ಮನಾಗುತ್ತಾನೆ, ಆ ಸುಮ್ಮನಾಗುವಿಕೆಯ ಮೇಲೆಯೇ ಅನ್ಯಾಯದ ಶಿಸ್ತು ನಿಂತಿರುತ್ತದೆ. ಸುಮ್ಮನಾಗದ ಕೆಲವೇ ನೌಕರರಿಂದ ದೇಶದ ಲಕ್ಷಾಂತರ ಕೆಲಸಗಾರರಿಗೆ ನ್ಯಾಯಾಲಯದ ಬಾಗಿಲು ತೆರೆಯಿತು ಎಂಬುದನ್ನು ಬೆಂಗಳೂರಿನ ಚರಿತ್ರೆ ಹೆಮ್ಮೆಯಿಂದ ಬರೆದುಕೊಳ್ಳಬೇಕು.

ಬಾಗಿಲು ತೆರೆದರೂ ಅದರವರೆಗೆ ಹೋಗುವ ದಾರಿ ಸುಲಭವಿರಲಿಲ್ಲ. ವಜಾಗೊಂಡ ಕೆಲಸಗಾರ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವಂತಿರಲಿಲ್ಲ. ಸರಕಾರವು ವಿವಾದವನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕಿತ್ತು, ಒಪ್ಪಿಸದೆ ನಿರಾಕರಿಸಲೂಬಹುದಿತ್ತು. ಕರ್ನಾಟಕವು 1988ರಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆಗೆ 10(4-ಎ) ಎಂಬ ಉಪಕಲಮನ್ನು ಸೇರಿಸಿ, ವಜಾ ಆದೇಶ ತಲುಪಿದ ಆರು ತಿಂಗಳೊಳಗೆ ಕೆಲಸಗಾರನೇ ಅರ್ಜಿ ಹಾಕಬಹುದೆಂದು ಮಾಡಿತು. ಕೇಂದ್ರ ಸರಕಾರಕ್ಕೆ ಇಂಥದೇ ಹೆಜ್ಜೆ ಇಡಲು 2010ರವರೆಗೆ ಕಾಲ ಹಿಡಿಯಿತು. ಅಮಾನತಿನಲ್ಲಿರುವವನಿಗೆ ಕೊಡಬೇಕಾದ ಜೀವನಾಧಾರ ಭತ್ಯೆಗಾಗಿ ಕರ್ನಾಟಕವು ಬೇರೆಯೇ ಕಾಯ್ದೆ ಮಾಡಿ, ಮೊದಲ 90 ದಿನ ವೇತನದ ಅರ್ಧ, 180 ದಿನಗಳವರೆಗೆ ಮುಕ್ಕಾಲು, ಅದನ್ನು ಮೀರಿದರೆ ಶೇಕಡ 90 ಎಂದು ಗೊತ್ತುಮಾಡಿದ್ದೂ ಇದೇ ಕಾಲದ ಯೋಚನೆಯ ಫಲ.

ಆ ಭತ್ಯೆ ಏಕೆ ಪ್ರಾಣಕ್ಕೆ ಸಮಾನವೆಂಬುದನ್ನು ಕೋಲಾರ ಚಿನ್ನದ ಗಣಿಯ ಇನ್ನೊಂದು ಪ್ರಕರಣ ತೋರಿಸುತ್ತದೆ. 1985ರ ಜೂನ್ 2ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಭದ್ರತಾ ಅಧಿಕಾರಿಯೊಬ್ಬರ ಮನೆಯಲ್ಲಿ ಪೊಲೀಸರು ಶೋಧ ನಡೆಸಿ, 4.5 ಗ್ರಾಂ ತೂಕದ ಚಿನ್ನದ ಉಂಡೆಯೂ 1,276 ಗ್ರಾಂ ಚಿನ್ನಮಿಶ್ರಿತ ಮರಳೂ ಸಿಕ್ಕಿದವೆಂದು ಹೇಳಿದರು. ಅಧಿಕಾರಿಯನ್ನು ಅಮಾನತಿನಲ್ಲಿಡಲಾಯಿತು, ಜೀವನಾಧಾರ ಭತ್ಯೆಯನ್ನು ಮಾತ್ರ ಕೊಡಲಿಲ್ಲ. ಕೇರಳದ ತಮ್ಮ ಊರಿನಿಂದ ಗಣಿಯವರೆಗೆ ಬಂದು ವಿಚಾರಣೆಗೆ ಹಾಜರಾಗಲು ಹಣವಿಲ್ಲ, ಆರೋಗ್ಯವೂ ಸರಿಯಿಲ್ಲ ಎಂಬ ಅವರ ಮೊರೆಗೆ ಕಿವಿಗೊಡದೆ ವಿಚಾರಣೆಯನ್ನು ಏಕಪಕ್ಷೀಯವಾಗಿ, ಅಂದರೆ ಅವರ ಗೈರುಹಾಜರಿಯಲ್ಲೇ ಮುಗಿಸಿ 1986ರ ಜೂನ್‌ನಲ್ಲಿ ವಜಾ ಮಾಡಲಾಯಿತು. 1987ರ ಫೆಬ್ರವರಿಯಲ್ಲಿ ಕ್ರಿಮಿನಲ್ ನ್ಯಾಯಾಲಯವು ಅವರನ್ನು ದೋಷಮುಕ್ತಗೊಳಿಸಿತು. ಆದರೂ ಕೆಲಸ ಮರಳಲು 1999ರ ಮಾರ್ಚ್ 30ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಕಾಯಬೇಕಾಯಿತು. ಕ್ಯಾಪ್ಟನ್ ಎಂ. ಪಾಲ್ ಆಂಥೋನಿ ಪ್ರಕರಣವೆಂದು ಹೆಸರಾದ ಈ ತೀರ್ಪು, ಭತ್ಯೆ ತಡೆಹಿಡಿದು ನಡೆಸಿದ ವಿಚಾರಣೆ ಬದುಕುವ ಹಕ್ಕನ್ನೇ ಮೆಟ್ಟುತ್ತದೆ ಎಂದು ಸಾರಿತು. ಹಾಜರಾಗಲು ಬಸ್ಸಿನ ಚಾರ್ಜಿಲ್ಲದವನಿಗೆ ವಿಚಾರಣೆಯ ನೋಟಿಸು ಕೊಟ್ಟರೆ ಅದು ನೋಟಿಸಲ್ಲ.

ಜಯನಗರ, ಬನಶಂಕರಿಗಳ ಬಸ್ ನಿಲ್ದಾಣಗಳಲ್ಲಿ ದಿನವೂ ಕಾಣುವ ನಿರ್ವಾಹಕರ ಬದುಕಿನಲ್ಲಿ ಶಿಸ್ತುಕ್ರಮ ಇನ್ನೂ ಹತ್ತಿರದ ಸಂಗತಿ. ತನಿಖಾ ಸಿಬ್ಬಂದಿ ಬಸ್ಸು ಹತ್ತಿದಾಗ ಟಿಕೆಟ್ ಇಲ್ಲದ ಪ್ರಯಾಣಿಕ ಸಿಕ್ಕರೆ, ಚೀಲದ ಹಣಕ್ಕೂ ಕೊಟ್ಟ ಟಿಕೆಟುಗಳಿಗೂ ತಾಳೆಯಾಗದಿದ್ದರೆ, ಅಲ್ಲಿಂದಲೇ ಮೆಮೊ, ಆರೋಪ ಪಟ್ಟಿ, ಅಮಾನತುಗಳ ಸರಣಿ ಮೊದಲಾಗುತ್ತದೆ. ಹರಿಯಾಣದ ರತನ್ ಸಿಂಗ್ ಪ್ರಕರಣದಲ್ಲಿ 1977ರಲ್ಲೇ, ಇಂಥ ವಿಚಾರಣೆಗಳಿಗೆ ಪ್ರಯಾಣಿಕರನ್ನೇ ಸಾಕ್ಷಿಗೆ ಕರೆತರಬೇಕಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದರಿಂದ ನಿರ್ವಾಹಕನಿಗೆ ತನಿಖೆ ನಡೆಸಿದವರನ್ನು ಪಾಟಿ ಸವಾಲಿಗೆ ಒಳಪಡಿಸುವ ಅವಕಾಶವೇ ಮುಖ್ಯ ಆಸರೆಯಾಗಿ ಉಳಿಯಿತು. ರಾಜ್ಯ ರಸ್ತೆ ಸಾರಿಗೆ ನಿಗಮವೇ ಕಕ್ಷಿಯಾಗಿದ್ದ ಲಕ್ಷ್ಮೀದೇವಮ್ಮ ಪ್ರಕರಣದಲ್ಲಿ, 2001ರಲ್ಲಿ, ಐವರು ನ್ಯಾಯಮೂರ್ತಿಗಳ ಪೀಠವು ಇನ್ನೊಂದು ಗಡಿಯನ್ನು ಎಳೆಯಿತು: ತಾನು ನಡೆಸಿದ ವಿಚಾರಣೆ ದೋಷಪೂರಿತವೆಂದಾದರೆ ಆರೋಪವನ್ನು ನ್ಯಾಯಾಲಯದಲ್ಲೇ ಹೊಸದಾಗಿ ಸಾಬೀತುಪಡಿಸುತ್ತೇನೆ ಎನ್ನುವ ಆಡಳಿತವರ್ಗವು ಆ ಕೋರಿಕೆಯನ್ನು ತನ್ನ ಮೊದಲ ಲಿಖಿತ ಹೇಳಿಕೆಯಲ್ಲೇ ಸಲ್ಲಿಸಬೇಕು. ಸೋಲುವ ಸೂಚನೆ ಕಂಡಾಗ ವ್ಯಾಜ್ಯವನ್ನು ಮತ್ತೆ ಮೊದಲಿನಿಂದ ಎಳೆಯುವ ಅಭ್ಯಾಸಕ್ಕೆ ಇದು ತಡೆಯಾಯಿತು. ಈ ಭಾಗದ ಅಸಂಖ್ಯ ಖಾಸಗಿ ಶಾಲೆಗಳ ಶಿಕ್ಷಕರು 1988ರ ಸುಂದರಂಬಾಳ್ ತೀರ್ಪಿನಂತೆ ಕಾರ್ಮಿಕರೆಂಬ ವ್ಯಾಖ್ಯೆಗೆ ಸೇರದ ಕಾರಣ, ಅವರಿಗೆ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಮಿನ ವಿಚಾರಣೆ ಮತ್ತು ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗಳೇ ಗತಿ.

ಬನ್ನೇರುಘಟ್ಟ ರಸ್ತೆಗೂ ಬಿಟಿಎಂಗೂ ಐಟಿ ಕಂಪನಿಗಳು ಬಂದ ಮೇಲೆ ಚಿತ್ರ ಬದಲಾಯಿತು. ಕುಂದುಕೊರತೆ ಸಮಿತಿ ರಚಿಸಬೇಕು, ಶಿಸ್ತುಕ್ರಮಗಳ ಮಾಹಿತಿಯನ್ನು ಕಾರ್ಮಿಕ ಇಲಾಖೆಗೆ ಕೊಡಬೇಕು ಎಂಬ ಷರತ್ತುಗಳೊಡನೆ ರಾಜ್ಯ ಸರಕಾರ 2014ರಲ್ಲಿ ಆ ಕಂಪನಿಗಳಿಗೆ ಸ್ಥಾಯೀ ಆದೇಶಗಳಿಂದ ವಿನಾಯಿತಿ ಕೊಟ್ಟಿತು, ಮುಂದೆ ಅದನ್ನು ವಿಸ್ತರಿಸುತ್ತಲೂ ಹೋಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಸ್ಥಾಯೀ ಆದೇಶಗಳನ್ನು 300 ಕೆಲಸಗಾರರಿರುವ ಸಂಸ್ಥೆಗಳಿಗೆ ಸೀಮಿತಗೊಳಿಸಿತು. ಅಮಾನತಾದವನ ವಿಚಾರಣೆಯನ್ನು ಸಾಮಾನ್ಯವಾಗಿ 90 ದಿನಗಳಲ್ಲಿ ಮುಗಿಸಬೇಕೆಂಬ ಅದರ ಕಟ್ಟಳೆ ಒಳ್ಳೆಯದೇ. ಆದರೆ ಐವತ್ತರಿಂದ ಮುನ್ನೂರಕ್ಕೆ ಏರಿದ ಈ ಮಿತಿಯಿಂದ ಸಾರಕ್ಕಿಯಂಥ ಕಡೆಯ ಸಣ್ಣ ಕಾರ್ಖಾನೆಗಳ ಕೆಲಸಗಾರರು, ಬರೆದಿಟ್ಟ ನಿಯಮಗಳ ರಕ್ಷಣೆ ತಮಗೆ ಅತ್ಯಂತ ಅಗತ್ಯವಿದ್ದಾಗಲೇ, ಅದರ ಹೊರಗೆ ಬಿದ್ದಿದ್ದಾರೆ.

ಅವರಿಗಿಂತಲೂ ಹೊರಗಿರುವವರು ಬಿಟಿಎಂ ಮುಖ್ಯರಸ್ತೆಗಳಲ್ಲಿ ಊಟದ ಪೊಟ್ಟಣ ಹೊತ್ತು ಓಡಾಡುವ ಗಿಗ್ ಕಾರ್ಮಿಕರು. ಅವರ ಪಾಲಿನ ವಜಾ ಎಂದರೆ ಐಡಿ ಬ್ಲಾಕ್ ಆಗುವುದು. ಗ್ರಾಹಕನೊಬ್ಬನ ದೂರಿನ ಮೇಲೆ, ಕಾರಣ ತಿಳಿಸದೆ, ಮೊಬೈಲಿನ ಆ್ಯಪ್ ಒಂದು ಬೆಳಿಗ್ಗೆ ತೆರೆಯದೇ ಹೋಗಬಹುದು. ಕರ್ನಾಟಕವು 2025ರಲ್ಲಿ ಮಾಡಿದ ವೇದಿಕೆ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆಯು ಲಿಖಿತ ಕಾರಣ ಮತ್ತು ಹದಿನಾಲ್ಕು ದಿನಗಳ ನೋಟಿಸು ಇಲ್ಲದೆ ಕೆಲಸದಿಂದ ತೆಗೆಯಬಾರದೆಂದು ವಿಧಿಸಿ, ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಪಾವತಿಸುವ ಮೊತ್ತದ ಮೇಲೆ ಶೇಕಡ 1ರಿಂದ 5ರವರೆಗಿನ ಕಲ್ಯಾಣ ಶುಲ್ಕವನ್ನೂ ತಂದಿದೆ. ವಿಚಾರಣೆಯ ಹಕ್ಕಿನಲ್ಲಿ ಇದು ಮೊದಲ ಹೆಜ್ಜೆ. ಪರಿಹಾರದ ಹಕ್ಕಿನಲ್ಲಿ ಅಂಥ ಹೆಜ್ಜೆ ಇನ್ನೂ ಬಿದ್ದಿಲ್ಲ: ಹಳೆಯ ನೌಕರರ ಪರಿಹಾರ ಕಾಯ್ದೆಯ ಲೆಕ್ಕದಲ್ಲಿ ಕೆಲಸದ ವೇಳೆ ಅಪಘಾತದಲ್ಲಿ ಸತ್ತ, 15,000 ರೂಪಾಯಿ ಸಂಬಳದ ಮೂವತ್ತು ವರ್ಷದ ನೌಕರನ ಕುಟುಂಬಕ್ಕೆ 15,59,850 ರೂಪಾಯಿ ಸಲ್ಲುತ್ತಿತ್ತು, ಅದೇ ವಯಸ್ಸಿನಲ್ಲಿ, ಅಷ್ಟೇ ದುಡಿಯುತ್ತ, ಆರ್ಡರ್ ತಲುಪಿಸುವಾಗ ರಸ್ತೆಯಲ್ಲಿ ಸತ್ತ ಗಿಗ್ ಕಾರ್ಮಿಕನ ಕುಟುಂಬಕ್ಕೆ 2023ರಲ್ಲಿ ರಾಜ್ಯ ಸರಕಾರ ತಂದ ವಿಮಾ ಯೋಜನೆಯಿಂದ ಬರುವುದು, ಜೀವವಿಮೆ ಮತ್ತು ಅಪಘಾತ ವಿಮೆ ಎರಡನ್ನೂ ಕೂಡಿಸಿದರೆ, 4 ಲಕ್ಷ ರೂಪಾಯಿ.